ತಪಾಸಣೆಗೆ ಎರವಲು ತಂದ ಕೆಂಪು ಸಿಲಿಂಡರ್‌ಗಳು

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಡೆದದ್ದು ಇದು. ನಮ್ಮ ಕಡೆ ಭತ್ತದ ಒಕ್ಕಣೆ ಮುಗಿದು ಅಕ್ಕಿ ಗಿರಣಿಗಳಿಗೆ ಪುರುಸೊತ್ತೇ ಇಲ್ಲದ ಕಾಲ. ಕೆ.ಆರ್. ನಗರದ ಅಂಚಿನಲ್ಲಿ ನನ್ನದೂ ಒಂದು ಸಣ್ಣ ರೈಸ್ ಮಿಲ್ಲು ಇದೆ. ಹದಿನೈದು ಇಪ್ಪತ್ತು ಜನ ಆಳುಗಳು, ಅದರಲ್ಲಿ ಅರ್ಧ ಹೆಂಗಸರು. ಮಾಲೀಕ ಎಂದರೆ ಠೀವಿಯಿಂದ ಇರಬೇಕು ಅಂತ ನಮ್ಮಪ್ಪ ಹೇಳುತ್ತಿದ್ದರು. ನನಗೆ ಅದು ಒಲಿಯಲಿಲ್ಲ. ನಾನು ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಹಿಂತಿರುಗಿ ಬಂದು ಬೀಗ ಎಳೆದು ನೋಡುವ ಜಾತಿಯವನು. ಮಳೆ ಬಂದರೆ ಭತ್ತ ನೆನೆಯಿತೇನೋ ಎಂದು ಯೋಚನೆ, ಬಿಸಿಲು ಬಂದರೆ ಭತ್ತ ಹೆಚ್ಚು ಒಣಗಿ ನುಚ್ಚಾಯಿತೇನೋ ಎಂದು ಯೋಚನೆ. ಸುಮ್ಮನೆ ಕೂತಿದ್ದರೆ, ಯಾವುದರ ಬಗ್ಗೆ ಯೋಚನೆ ಮಾಡುವುದನ್ನು ಮರೆತೆ ಅಂತ ಯೋಚನೆ.

ಅಂಥವನ ಫೋನಿಗೆ ಒಂದು ಬೆಳಿಗ್ಗೆ ಮೆಸೇಜು ಬಂತು. ಕಾರ್ಖಾನೆಗಳ ಇಲಾಖೆಯಿಂದ. ನಿಮ್ಮ ಮಿಲ್ಲು ಸುರಕ್ಷತಾ ತಪಾಸಣೆಗೆ ಆಯ್ಕೆಯಾಗಿದೆ, ನಾಳಿದ್ದು ಅಧಿಕಾರಿ ಬರುತ್ತಾರೆ ಎಂದಿತ್ತು. ಈಗೆಲ್ಲ ಯಾವ ಮಿಲ್ಲಿಗೆ ಯಾವ ಅಧಿಕಾರಿ ಹೋಗಬೇಕು ಎಂಬುದನ್ನು ಕಂಪ್ಯೂಟರೇ ಆರಿಸುತ್ತದಂತೆ. ಮೊದಲಾದರೆ ಯಾರು ಬರುತ್ತಾರೆ, ಅವರಿಗೆ ಏನು ಇಷ್ಟ ಅಂತ ವಿಚಾರಿಸಬಹುದಿತ್ತು. ಕಂಪ್ಯೂಟರಿಗೆ ಏನು ಇಷ್ಟ ಅಂತ ಯಾರನ್ನು ಕೇಳುವುದು?

ಅವತ್ತಿಡೀ ನಾನು ಮಿಲ್ಲನ್ನು ಅಧಿಕಾರಿಯ ಕಣ್ಣಿನಿಂದ ನೋಡುತ್ತಾ ಓಡಾಡಿದೆ. ಓಡುವ ಬೆಲ್ಟುಗಳಿಗೆ ಜಾಲರಿ ಹಾಕಿಸಿದ್ದೆ, ಪುಣ್ಯ. ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬುಡದ ಗುಂಡಿಗೆ ಮುಚ್ಚಳ ಇತ್ತು, ಆದರೆ ಅದರ ಮೇಲೆ ಹುಡುಗರು ಊಟದ ಬುತ್ತಿ ಇಡುತ್ತಿದ್ದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಒಳಗೆ ಊದುಬತ್ತಿ, ಕರ್ಪೂರ, ಯಾರದೋ ಬೀಡಿ ಕಟ್ಟು. ಇನ್ನು ಬೆಂಕಿ ಆರಿಸುವ ಸಿಲಿಂಡರ್. ನನ್ನ ಹತ್ತಿರ ಎರಡಿದ್ದವು. ಅವುಗಳ ಒತ್ತಡ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಕೆಂಪಿಗೆ ಇಳಿದು ಅಲ್ಲೇ ಮಲಗಿತ್ತು. ಆಯುಧಪೂಜೆಗೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕುತ್ತಿದ್ದೆವು. ಒಳಗೆ ಪುಡಿ ತುಂಬಿಸಬೇಕು ಅನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆಗ ನೆನಪಾದವರು ಜವರಣ್ಣ. ಮಿರ್ಲೆ ರಸ್ತೆಯಲ್ಲಿ ಅವರ ಮಿಲ್ಲು ಇದೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಮಿಲ್ಲು ಶುರುಮಾಡಿದಾಗ ಕೈ ಹಿಡಿದು ಕೆಲಸ ಕಲಿಸಿದವರು. ಅವರ ಹತ್ತಿರ ಹೊಸ ಸಿಲಿಂಡರುಗಳ ಒಂದು ಸೆಟ್ಟೇ ಇತ್ತು. ಜೊತೆಗೆ ಮರಳು ತುಂಬುವ ಕೆಂಪು ಬಕೆಟ್, ಹಳದಿ ಹೆಲ್ಮೆಟ್ಟು, ಮೂಗಿಗೆ ಕಟ್ಟುವ ಮಾಸ್ಕು. ಈ ಸೆಟ್ಟಿಗೆ ನಮ್ಮ ಕಡೆ ಒಂದು ವ್ಯವಸ್ಥೆ ಇತ್ತು. ಮದುವೆ ಮನೆಗೆ ಅಕ್ಕಪಕ್ಕದವರು ಕೊಪ್ಪರಿಗೆ, ಜಮಖಾನ ಕೊಡುವ ಹಾಗೆ, ತಪಾಸಣೆ ಬಂದವರ ಮಿಲ್ಲಿಗೆ ಅದು ಹೋಗುತ್ತಿತ್ತು. ತಪಾಸಣೆ ಮುಗಿದ ಮೇಲೆ ತೊಳೆದು ವಾಪಸ್ ಕಳಿಸುವುದು.

ಫೋನ್ ಮಾಡಿದೆ. ಜವರಣ್ಣ ನಕ್ಕರು.

"ಅದಕ್ಯಾಕ್ಲಾ ಮಂಜ ಅಳ್ತಾ ಇದ್ದೀಯಾ? ಪಿರಿಯಾಪಟ್ಟಣಕ್ಕೆ ಓಗಿ ಬಂದವೆ, ಉಣಸೂರಿನ ಸಾಮಿಲ್ಲಿಗೂ ಓಗಿ ಬಂದವೆ. ನನಗಿಂತ ಜಾಸ್ತಿ ಊರು ನೋಡವೆ ಕಣ್ಲಾ ಅವು. ನಾಳಿದ್ದು ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕಳುಸ್ತೀನಿ ಬುಡು."

ಈ ವಿಷಯ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಮದುವೆ ಹೆಣ್ಣಿಗೆ ಪಕ್ಕದ ಮನೆಯವರ ಸರ ಹಾಕಿ ಕೂರಿಸಿದಂಗಾಯ್ತು" ಅಂದಳು. ನಾನು ನಕ್ಕುಬಿಟ್ಟೆ. ಪಕ್ಕದ ಮನೆಯವರು ಅವತ್ತು ಸರ ಇಲ್ಲದೆ ಇರುತ್ತಾರೆ ಅನ್ನುವುದನ್ನು ಅವಳೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಯೋಚನೆ ಮಾಡುವುದೇ ಕಸುಬಾಗಿದ್ದ ನಾನು!

ತಪಾಸಣೆಯ ದಿನ ಬೆಳಿಗ್ಗೆ ಆಟೋ ಬಂತು. ಗೋಡೆಗೆ ಮೊಳೆ ಹೊಡೆದು ಸಿಲಿಂಡರುಗಳನ್ನು ನೇತುಹಾಕಿದೆವು. ಬಕೆಟ್ಟುಗಳ ಮೇಲೆ ಜವರಣ್ಣನ ಮಿಲ್ಲಿನ ಹೆಸರು ಬಿಳಿ ಪೇಂಟಿನಲ್ಲಿ ಬರೆದಿತ್ತು. ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಆಳುಗಳ ತಲೆಗೆ ಹೆಲ್ಮೆಟ್ಟು ಹಾಕಿಸಿದೆ. ನಿಂಗರಾಜು ಅನ್ನುವ ಹಮಾಲಿಗೆ ಅದು ಕಣ್ಣಿನವರೆಗೂ ಇಳಿಯುತ್ತಿತ್ತು. "ಅಣ್ಣ, ಮೂಟೆ ಎಲ್ಲದೆ ಅಂತ ನೀವೇ ಏಳಿ, ನಂಗೆ ಕಾಣ್ಸಾಕಿಲ್ಲ" ಅಂದ.

ಹನ್ನೊಂದರ ಸುಮಾರಿಗೆ ಇನ್ಸ್‌ಪೆಕ್ಟರ್ ಬಂದರು. ದೊಡ್ಡ ಮೀಸೆಯ, ದೊಡ್ಡ ದನಿಯ ಒಬ್ಬರನ್ನು ಎರಡು ದಿನದಿಂದ ಮನಸ್ಸಿನಲ್ಲಿ ಸಾಕಿಕೊಂಡಿದ್ದೆ. ಬಂದವರು ನನಗಿಂತ ಚಿಕ್ಕ ವಯಸ್ಸಿನ ತೆಳ್ಳನೆಯ ಮನುಷ್ಯ. ಎಳನೀರು ಕೆತ್ತಿಸಿ ಇಟ್ಟಿದ್ದೆ, ಬೇಡ ಅಂದರು. ಕಾಫಿ ಬೇಡ ಅಂದರು. ಬ್ಯಾಗಿನಿಂದ ತಮ್ಮದೇ ನೀರಿನ ಬಾಟಲಿ ತೆಗೆದು ಕುಡಿದರು. ನನಗೆ ಅಲ್ಲಿಗೇ ಅರ್ಧ ಜೀವ ಹೋಯಿತು. ಏನನ್ನೂ ಮುಟ್ಟದ ಅಧಿಕಾರಿಯನ್ನು ಹೇಗೆ ಹಿಡಿಯುವುದು ಅಂತ ನನಗೆ ಯಾರೂ ಕಲಿಸಿರಲಿಲ್ಲ.

ಅವರು ಎಲ್ಲ ಕಡೆ ಓಡಾಡಿದರು. ಬೆಲ್ಟಿನ ಜಾಲರಿಯನ್ನು ಅಲ್ಲಾಡಿಸಿ ನೋಡಿದರು. ಕರೆಂಟಿನ ಬೋರ್ಡಿನ ಬಾಗಿಲು ತೆಗೆಸಿದರು. ಧೂಳು ಹೊರಗೆ ಎಳೆಯುವ ಫ್ಯಾನು ಓಡುತ್ತದೆಯೇ, ಹೆಂಗಸರಿಗೆ ಬೇರೆ ಶೌಚಾಲಯ ಇದೆಯೇ, ಕುಡಿಯುವ ನೀರು ಎಲ್ಲಿ, ಎಲ್ಲವನ್ನೂ ಕೇಳಿ ಕೈಲಿದ್ದ ಟ್ಯಾಬಿನಲ್ಲಿ ಒತ್ತುತ್ತಾ ಹೋದರು. ಆಮೇಲೆ ಇದ್ದಕ್ಕಿದ್ದಂತೆ ನಿಂಗರಾಜುವಿನ ಕಡೆ ತಿರುಗಿದರು.

"ಬೆಂಕಿ ಬಿದ್ದರೆ ಏನು ಮಾಡ್ತೀಯಪ್ಪ?"

"ಓಡ್ತೀನಿ ಸಾ."

"ಆಮೇಲೆ?"

ನಿಂಗರಾಜು ಹೆಲ್ಮೆಟ್ಟನ್ನು ಮೇಲಕ್ಕೆತ್ತಿ, ಒಂದು ಗಳಿಗೆ ಯೋಚಿಸಿ, "ಇನ್ನೊಸಿ ದೂರ ಓಡ್ತೀನಿ" ಅಂದ.

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಇನ್ಸ್‌ಪೆಕ್ಟರ್ ಕೂಡ ನಕ್ಕರು. ಪರವಾಗಿಲ್ಲ, ನಗುತ್ತಾರೆ, ಅಂತ ನನ್ನ ಹೋದ ಅರ್ಧ ಜೀವ ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಅವರು ಸಿಲಿಂಡರುಗಳ ಹತ್ತಿರ ಹೋಗಿ ಮುಳ್ಳು ನೋಡಿದರು. ಹಸಿರಿನಲ್ಲಿತ್ತು. ತಲೆ ಆಡಿಸಿದರು. ಆಮೇಲೆ ಬಗ್ಗಿ ಒಂದು ಬಕೆಟ್ಟನ್ನು ಮೆಲ್ಲಗೆ ತಿರುಗಿಸಿದರು.

"ಇದು ಯಾವ ಮಿಲ್ಲು?"

"ಅದು... ನಮ್ಮ ಸಂಬಂಧಿಕರದು ಸಾರ್. ಬ್ರಾಂಚ್ ಇದ್ದಂಗೆ" ಅಂದೆ. ಯಾರಿಗೆ ಯಾವುದು ಬ್ರಾಂಚ್ ಅನ್ನುವುದು ನನಗೇ ಗೊತ್ತಿರಲಿಲ್ಲ.

ಆಗ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದರೆ ಜವರಣ್ಣ. ಅವರ ದನಿ ಮೊದಲೇ ಕಣದಲ್ಲಿ ಕೂಗುವ ದನಿ. ಅವತ್ತಂತೂ ಫೋನು ಕಿವಿಗೆ ಇಡುವ ಮೊದಲೇ ಸುತ್ತಲಿನವರಿಗೆಲ್ಲ ಕೇಳಿಸಿತು.

"ಮಂಜಾ! ಗೋಣಿಗೆ ಬೆಂಕಿ ಅತ್ಕಂಡದೆ ಕಣ್ಲಾ! ನನ್ ಸಿಲಿಂಡರ್ ತತ್ತಾ ಬೇಗ! ಬಕೆಟ್ಟೂ ಇಲ್ಲ ಇಲ್ಲಿ!"

ನಾನು ಇನ್ಸ್‌ಪೆಕ್ಟರ್ ಮುಖ ನೋಡಿದೆ. ನನಗೆ ಬೆಂಕಿ ನೆನಪಾಗಲಿಲ್ಲ. ಜವರಣ್ಣ ನೆನಪಾಗಲಿಲ್ಲ. ಇವರಿಗೆ ಕೇಳಿಸಿತೇ? ಇದೊಂದೇ ನನ್ನ ತಲೆಯಲ್ಲಿ ಇದ್ದದ್ದು.

"ರಾಂಗ್ ನಂಬರ್ ಕಣ್ರೀ" ಅಂದು ಫೋನ್ ಕಟ್ ಮಾಡಿದೆ.

ಮಿಲ್ಲಿನಲ್ಲಿ ಯಂತ್ರ ಓಡುತ್ತಲೇ ಇತ್ತು. ನಿಂಗರಾಜು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಫೋನು ಮತ್ತೆ ಹೊಡೆದುಕೊಂಡಿತು. ನಾನು ಅದನ್ನು ಕೈಯಲ್ಲಿ ಹಿಡಿದು, ಎಲ್ಲಾದರೂ ಬಿಸಾಡಲು ಜಾಗ ಹುಡುಕುವವನ ಹಾಗೆ ನಿಂತಿದ್ದೆ.

"ಎತ್ತಿ" ಅಂದರು ಇನ್ಸ್‌ಪೆಕ್ಟರ್. "ಅದು ರಾಂಗ್ ನಂಬರ್ ಅಲ್ಲ."

ಅಷ್ಟು ಹೇಳಿ ಟ್ಯಾಬನ್ನು ಮೂಟೆಯ ಮೇಲಿಟ್ಟು, ಗೋಡೆಯಿಂದ ತಾವೇ ಒಂದು ಸಿಲಿಂಡರ್ ಇಳಿಸಿ ಹೆಗಲಿಗೆ ಹಾಕಿಕೊಂಡರು. "ನಿಂತ್ಕೊಂಡು ಏನ್ ನೋಡ್ತಿದ್ದೀರಿ? ನನ್ನ ಕಾರಿಗೆ ತುಂಬಿ" ಎಂದರು. ನಾನು ಫೋನ್ ಎತ್ತಿ, "ತರ್ತಾ ಇದ್ದೀನಿ ಜವರಣ್ಣ" ಅಂದೆ. ಇನ್ಸ್‌ಪೆಕ್ಟರ್ ಬಂದ ಬಾಡಿಗೆ ಕಾರಿನ ಸೀಟಿನ ಮೇಲೆ, ಕಾಲಿನ ಹತ್ತಿರ ಎಲ್ಲ ಸಿಲಿಂಡರ್ ತುಂಬಿಕೊಂಡು ಹೊರಟೆವು. ದಾರಿಯಲ್ಲಿ ಅವರೇ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದರು. ನಾನು ತೊಡೆಯ ಮೇಲೆ ಒಂದು ಸಿಲಿಂಡರ್ ಇಟ್ಟುಕೊಂಡು ಮಗುವಿನಂತೆ ತಬ್ಬಿಕೊಂಡು ಕೂತಿದ್ದೆ.

ಆಗಿದ್ದು ಇಷ್ಟು. ಇವತ್ತು ನನ್ನಲ್ಲಿ ತಪಾಸಣೆ, ನಾಳೆ ತಮ್ಮಲ್ಲೂ ಬರಬಹುದು ಅಂದುಕೊಂಡ ಜವರಣ್ಣ ಬೆಲ್ಟಿಗೆ ಜಾಲರಿ ಕೂರಿಸಲು ಅವತ್ತೇ ವೆಲ್ಡಿಂಗ್‌ನವನನ್ನು ಕರೆಸಿದ್ದರು. ವೆಲ್ಡಿಂಗ್ ಕಿಡಿ ಹಾರಿ ಖಾಲಿ ಗೋಣಿಚೀಲದ ರಾಶಿಗೆ ಬಿದ್ದಿದೆ. ಪಕ್ಕದಲ್ಲೇ ಭತ್ತದ ಹೊಟ್ಟು. ಇಬ್ಬರು ಹೆಂಗಸರು ಒಳಗಿನ ಗೋದಾಮಿನಲ್ಲಿ ಚೀಲ ಹೊಲಿಯುತ್ತಾ ಕೂತಿದ್ದರು. ಅವರು ಹೊರಗೆ ಬರಬೇಕಾದ ಬಾಗಿಲಿಗೇ ಉರಿಯುವ ಗೋಣಿ ಜಾರಿ ಅಡ್ಡಬಿದ್ದಿತ್ತು. ಹೊರಗಿದ್ದ ಸಾಕಮ್ಮ ಅನ್ನುವ ಹೆಂಗಸು, ಬಕೆಟ್ಟು ಸಿಗದೆ, ಮರಳು ಸಿಗದೆ, ಬರಿಗೈಯಲ್ಲೇ ಆ ಗೋಣಿಗಳನ್ನು ಬಾಗಿಲಿನಿಂದ ಈಚೆಗೆ ಎಳೆದಿದ್ದಳು. ಒಳಗಿದ್ದ ಇಬ್ಬರೂ ಹೊರಗೆ ಬಂದರು. ಸಾಕಮ್ಮನ ಬಲಗೈ ಬೆಂದಿತ್ತು.

ನಾವು ಹೋದಾಗ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿದ್ದರು. ಉಳಿದವರು ತೊಟ್ಟಿಯಿಂದ ಬಿಂದಿಗೆ, ಬಾಂಡ್ಲಿಗಳಲ್ಲಿ ನೀರು ತಂದು ಎರಚುತ್ತಿದ್ದರು. ಬೆಂಕಿ ಆಗಲೇ ಹೊಟ್ಟಿನ ರಾಶಿಗೆ ಹತ್ತಿತ್ತು. ಇನ್ಸ್‌ಪೆಕ್ಟರ್ ಪಿನ್ನು ಕಿತ್ತು, ಕೊಳವೆ ಹಿಡಿದು, ಉರಿಯ ಬುಡಕ್ಕೆ ಬಿಳಿ ಪುಡಿ ಹೊಡೆಯತೊಡಗಿದರು. ನಾನೂ ಒಂದು ಸಿಲಿಂಡರ್ ಹಿಡಿದು ಮುಂದೆ ಹೋಗಿ ಹಿಡಿಯನ್ನು ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಅಲ್ಲಾಡಿಸಿದೆ.

"ಪಿನ್ನು! ಪಿನ್ನು ತೆಗೀರಿ!" ಅಂತ ಅವರು ಕೂಗಿದರು.

ಯಾವ ಪಿನ್ನು, ಎಲ್ಲಿದೆ ಪಿನ್ನು, ಅಂತ ನಾನು ಸಿಲಿಂಡರನ್ನು ತಿರುವಿ ಮುರುವಿ ನೋಡುತ್ತಿದ್ದೆ. ಕೊನೆಗೆ ಅವರೇ ಬಂದು ನನ್ನ ಕೈಯಿಂದ ಕಿತ್ತುಕೊಂಡರು. ನನ್ನನ್ನು ಪಕ್ಕಕ್ಕೆ ಸರಿಸಿದರು. ಅಗ್ನಿಶಾಮಕದ ಗಾಡಿ ಬರುವ ಹೊತ್ತಿಗೆ ಉರಿ ಇಳಿದು ಬರೀ ಹೊಗೆ ಇತ್ತು.

ಭೂಮಿ ಬಾಯಿ ಬಿಡಬಾರದೇ ಅನಿಸಿದ್ದು ಇದರ ನಂತರ. ಸೇರಿದ್ದ ಜನರಲ್ಲಿ ಒಬ್ಬರು, "ನಮ್ ಮಂಜಣ್ಣ ಸಿಲಿಂಡರ್ ಒತ್ಕಂಡು ಓಡ್ಬಂದ್ರು, ಇಲ್ದಿದ್ರೆ ಮಿಲ್ಲು ಉಳೀತಿರಲಿಲ್ಲ" ಅಂದರು. ಇನ್ನೊಬ್ಬರು ಬೆನ್ನು ತಟ್ಟಿದರು. ಯಾರೋ ನನಗೆ ಕುಡಿಯಲು ನೀರು ಕೊಟ್ಟರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ದೊಡ್ಡತನ ಅಂದುಕೊಂಡರು. ಮಸಿಯಾದ ಅಂಗಿಯಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಕಮ್ಮನನ್ನು ಮೊದಲು ಕೆ.ಆರ್. ನಗರದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ನನ್ನನ್ನು ಕಾರಿನಲ್ಲಿ ವಾಪಸ್ ಮಿಲ್ಲಿಗೆ ಕರೆತಂದರು. "ತಪಾಸಣೆ ಇನ್ನೂ ಮುಗಿದಿಲ್ಲ" ಅಂದರು. ಮೂಟೆಯ ಮೇಲಿದ್ದ ಟ್ಯಾಬ್ ತೆಗೆದುಕೊಂಡು, ಖಾಲಿ ಮೊಳೆಗಳಿದ್ದ ಗೋಡೆ ನೋಡಿ, ಬೆಂಕಿ ಆರಿಸುವ ಸಾಧನ ಇಲ್ಲ ಎಂದು ಒತ್ತಿದರು. ಆಳುಗಳಿಗೆ ತರಬೇತಿ ಇಲ್ಲ ಎಂದು ಒತ್ತಿದರು.

ಹೊರಡುವಾಗ, "ನೋಡಿ, ನಾನು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ದಿನ ಬರೋನು. ಉಳಿದ ದಿನವೆಲ್ಲ ಇಲ್ಲಿ ಇರೋರು ನೀವು" ಅಂದರು. ಕೋಪ ಇರಲಿಲ್ಲ ದನಿಯಲ್ಲಿ. ದಣಿವಿತ್ತು.

ವರದಿ ಅದೇ ವಾರ ಆನ್‌ಲೈನಿನಲ್ಲಿ ಬಂತು, ಹಿಂದೆಯೇ ನೋಟಿಸು. ಕೊಟ್ಟ ಗಡುವಿನೊಳಗೆ ಲೋಪಗಳನ್ನು ಸರಿಪಡಿಸಿ, ಫೋಟೋ ಸಮೇತ ಲಿಖಿತವಾಗಿ ಉತ್ತರಿಸಬೇಕು. ಆಮೇಲೆ ಮತ್ತೆ ಬಂದು ನೋಡುತ್ತಾರೆ. ಸರಿಹೋಗದಿದ್ದರೆ ಕೋರ್ಟಿಗೆ. ಜವರಣ್ಣನದು ಇನ್ನೂ ಕಷ್ಟ. ಕೆಲಸಗಾರರಿಗೆ ಗಾಯವಾದರೆ ಇಲಾಖೆಗೆ ತಿಳಿಸಲೇಬೇಕು. ಮುಚ್ಚಿಬಿಡಿ ಅಂತ ಬುದ್ಧಿ ಹೇಳಿದವರೂ ಇದ್ದರು. ಜವರಣ್ಣ ಕೇಳಲಿಲ್ಲ. ತಾವೇ ಬರೆದು ಕೊಟ್ಟರು. ಅವರ ಮೇಲೆ ಕೇಸಾಯಿತು, ಸಾಕಮ್ಮನಿಗೆ ಪರಿಹಾರವೂ ಆಯಿತು.

ಸಾಕಮ್ಮನನ್ನು ನೋಡಲು ಹೋಗಿ ಮೈಸೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಾವಿಬ್ಬರೂ ಕೂತಿದ್ದಾಗ ಜವರಣ್ಣ ಅಂದರು, "ಗಾಬ್ರೀಲಿ ಮೊದಲ್ನೇ ಸಲ ಬ್ಯಾರೆ ಯಾರಿಗೋ ಫೋನ್ ಮಾಡ್ಬುಟ್ಟಿದ್ದೆ ಕಣ್ಲಾ. ರಾಂಗ್ ನಂಬರ್ ಅಂದ ಅವನ್ಯಾರೋ. ನಿನ್ ದನಿ ಇದ್ದಂಗೇ ಇತ್ತು."

ನಾನು ಗೋಡೆಯ ಕಡೆ ನೋಡುತ್ತಾ, "ನಾನೇ ಜವರಣ್ಣ" ಅಂದೆ.

ನರ್ಸೊಬ್ಬಳು ಟ್ರೇ ಹಿಡಿದು ನಮ್ಮನ್ನು ದಾಟಿ ಹೋದಳು. "ನಿನ್ ಜಾಗದಲ್ಲಿ ನಾನಿದ್ರೂ ಅಂಗೇ ಅಂತಿದ್ದೆ ಬುಡು" ಅಂದರು ಜವರಣ್ಣ ಕೊನೆಗೆ. ಸಮಾಧಾನಕ್ಕೆ ಹೇಳಿದರೋ, ನಿಜ ಹೇಳಿದರೋ. ಯಾವುದಾಗಿದ್ದರೂ ನನಗೆ ಸಮಾಧಾನವಾಗಲಿಲ್ಲ.

ಸಾಕಮ್ಮ ಊರಿಗೆ ವಾಪಸ್ ಬಂದ ಮೇಲೆ ಅವಳ ಮನೆಗೆ ಹೋದೆ. ಮಿರ್ಲೆಯಿಂದ ಒಳಗೆ ಒಂದು ಹಳ್ಳಿ. ಬ್ಯಾಂಡೇಜು ಬಿಚ್ಚಿದ್ದರು. ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಅವಳ ಸೊಸೆ ಕಾಫಿ ಕೊಟ್ಟಳು. ಹೇಗೆ ಶುರುಮಾಡುವುದು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಗಿ, "ಸಾಕವ್ವ, ಆ ಸಿಲಿಂಡರುಗಳು ನಿಮ್ಮ ಮಿಲ್ಲಿನವೇ. ನಾನು ತರಿಸಿಕೊಂಡಿದ್ದೆ" ಅಂದುಬಿಟ್ಟೆ.

"ಗೊತ್ತು ಕಣ್ ಸಾಮಿ" ಅಂದಳು. "ಅವತ್ತು ಬೆಳಿಗ್ಗೆ ಆಟೋಗೆ ಎತ್ತಿ ಆಕ್ದೋಳು ನಾನೇ ಅಲ್ವಾ."

ಬೈಯುತ್ತಾಳೆ ಅಂದುಕೊಂಡೆ. ಅವಳ ದನಿಯಲ್ಲಿ ಬೈಗುಳ ಇರಲಿಲ್ಲ, ಕೊಂಕೂ ಇರಲಿಲ್ಲ. ಏನೋ ತಿಳಿಯದ್ದನ್ನು ವಿಚಾರಿಸುವವಳ ಹಾಗೆ ಹೇಳಿದಳು:

"ಸಾಹೇಬ್ರು ಬಂದಾಗ ಆಚೆಗೆ ತಗುದು ತೊಳ್ದು ಇಡ್ತಿದ್ರು, ಓದ್ಮೇಲೆ ಒಳೀಕೆ ಇಡ್ತಿದ್ರು. ಅದು ಸಾಹೇಬ್ರಿಗೆ ತೋರ್ಸಾ ಸಾಮಾನು ಅನ್ಕಂಡಿದ್ದೆ ಸಾಮಿ. ಬೆಂಕಿ ಆರ್ಸೋಕೆ ಅಂತ ನಮ್ಗೆ ಯಾರೂ ಏಳ್ನಿಲ್ಲ. ಅದನ್ನ ಎಂಗೆ ಬುಡೋದು? ಒಂದ್ಸಲ ತೋರ್ಸಿ ಕೊಡಿ ನೀವಾರೂವೆ."

"ನನಗೂ ಬರಲ್ಲ ಸಾಕವ್ವ" ಅಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ನಕ್ಕಳು. ಅವಳ ಸೊಸೆಯೂ ನಕ್ಕಳು. ನಾನೂ ನಗಬೇಕಿತ್ತು.

ಬೇಸಿಗೆ ಶುರುವಾದ ಮೇಲೆ ಒಂದು ಭಾನುವಾರ ಜವರಣ್ಣನ ಕಣದಲ್ಲಿ ಎರಡೂ ಮಿಲ್ಲಿನ ಆಳುಗಳೂ ನಾವೂ ಸೇರಿದೆವು. ಅಗ್ನಿಶಾಮಕ ಠಾಣೆಯವರು ಬಂದು, ಹಳೇ ಗೋಣಿ ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಒಬ್ಬೊಬ್ಬರ ಕೈಗೂ ಸಿಲಿಂಡರ್ ಕೊಟ್ಟು ಆರಿಸಲು ಕಲಿಸಿದರು. ನಾನು ಪಿನ್ನು ಕಿತ್ತೆ, ಪುಡಿ ಹೊಡೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕ ಅಂತ.

ಆಮೇಲೆ ಸಾಕಮ್ಮನ ಸರದಿ. ಹಿಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯ ಬೆರಳುಗಳನ್ನು ಪಿನ್ನಿನ ಉಂಗುರಕ್ಕೆ ತೂರಿಸಲು ನೋಡಿದಳು. ಅವು ಮಡಚಲಿಲ್ಲ. ಇನ್ನೊಮ್ಮೆ ನೋಡಿದಳು. ಗೋಣಿ ಉರಿಯುತ್ತಲೇ ಇತ್ತು. ಠಾಣೆಯವರು ಸಹಾಯಕ್ಕೆ ಕೈ ಚಾಚಿದರು.

"ಇರಿ, ಎಡಗೈಲಿ ಕೀಳ್ತೀನಿ" ಅಂದಳು.

ಸಿಲಿಂಡರನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಎಡಗೈಯಿಂದ ಪಿನ್ನು ಕಿತ್ತು ಎಸೆದು, ಅದೇ ಕೈಯಿಂದ ಹಿಡಿ ಒತ್ತಿದಳು. ಬಿಳಿ ಪುಡಿ ಬುಸ್ಸೆಂದು ಎದ್ದು ಗೋಣಿಯ ಬೆಂಕಿ ಆರಿತು. ಹೆಂಗಸರೆಲ್ಲ ಕೂಗಿದರು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ತಟ್ಟುತ್ತಾ, ಜೋತುಬಿದ್ದಿದ್ದ ಆ ಬಲಗೈಯನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದೆ.